ಬೀದಿ ಕೋಣೆಯ ಸಮುದ್ರ

ಜುಲೈ 8, 1986, ಮಂಗಳವಾರ

ಆಷಾಢ ಹಿಡಿಯಿತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ಎಲ್ಲರ ಮನೆಯ ಸೊಸೆಯರೂ ಹೋಗಿದ್ದಾರೆ. ನಮ್ಮವಳು ಎಲ್ಲಿಗೆ ಹೋಗುತ್ತಾಳೆ? ನನ್ನ ಮಗ ಆಂಜಿನಪ್ಪ ಬಂಗಾರಪೇಟೆಯಿಂದ ಲಾರಿಯಲ್ಲಿ ಟೊಮೆಟೊ ತುಂಬಿಕೊಂಡು ಮಂಗಳೂರಿಗೆ ಹೋಗುತ್ತಾನೆ, ಬರುವಾಗ ಹೆಂಚು ತರುತ್ತಾನೆ. ಯುಗಾದಿಯಾದ ಮೇಲೆ ಒಂದು ದಿನ ಹೆಂಚಿನ ಜೊತೆ ಹೆಂಡತಿಯನ್ನೂ ತಂದ. ನಮ್ಮನ್ನೂ ಕೇಳಲಿಲ್ಲ, ಅವಳ ಮನೆಯವರನ್ನೂ ಕೇಳಲಿಲ್ಲ, ರಿಜಿಸ್ಟರ್ ಮದುವೆ. ಉಳ್ಳಾಲದ ಕಡೆ ಮೀನು ಹಿಡಿಯುವವರ ಮನೆಯ ಹುಡುಗಿ, ಹೆಸರು ವಾರಿಜ. ಅವಳ ಅಪ್ಪ ನನಗೆ ಇಂಥ ಮಗಳೇ ಇಲ್ಲ ಅಂದುಬಿಟ್ಟನಂತೆ.

ನಾದಿನಿ ಸರಸ್ವತಮ್ಮ ಇದನ್ನು ಎತ್ತಿ ಆಡುವುದಕ್ಕೆಂದೇ ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬಂದಳು. "ಅತ್ಗೆ, ಇವ್ಳು ಇಲ್ಲೇ ಇದ್ರೆ ನಿಮ್ಮಿಬ್ರಲ್ಲಿ ಒಬ್ರಿಗೆ ಕೇಡು ಕಣೆ. ಆಮೇಲೆ ಸರಸ್ವತಿ ಏಳ್ಲಿಲ್ಲ ಅನ್ಬೇಡ" ಅಂದಳು. ಹೇಳಿ, ತಿಂಡಿ ತಿಂದು, ಮಧ್ಯಾಹ್ನದ ಊಟವನ್ನೂ ಮಾಡಿ ಹೋದಳು.

ಬೀದಿ ಕಡೆಯ ಕೋಣೆ, ಟೈಲರ್ ಕುಪ್ಪುಸ್ವಾಮಿ ಬಾಡಿಗೆ ಬಿಟ್ಟು ಹೋದಾಗಿನಿಂದ ಖಾಲಿ ಇದೆ. ಅದಕ್ಕೆ ಬೀದಿಗೆ ಬೇರೆ ಬಾಗಿಲಿದೆ. ಮಧ್ಯದ ಬಾಗಿಲಿಗೆ ಅಗುಳಿ ಹಾಕಿ ಅವಳ ಟ್ರಂಕನ್ನು ಅಲ್ಲಿಗೆ ಹಾಕಿಸಿದೆ. ಬೇರೆ ಹೊಸಿಲು, ಬೇರೆ ಮನೆ. ಶಾಸ್ತ್ರಕ್ಕೆ ಅಷ್ಟು ಸಾಕು. "ಆಯ್ತು ಅತ್ತೆ" ಅಂದಳು, ಪಠ್ಯಪುಸ್ತಕ ಓದುವವಳ ಹಾಗೆ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ಇನ್ಶೂರೆನ್ಸಿನವನು ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಪಕ್ಕದ ಮನೆ ಮಾರಿಯಮ್ಮನಿಗೆ ಹೇಳಿದರೆ ಸಾಯಂಕಾಲದೊಳಗೆ ಆಂಡರ್ಸನ್‌ಪೇಟೆಗೆಲ್ಲ ಗೊತ್ತಾಗುತ್ತದೆ. ಬಾಲವಾಡಿ ಟೀಚರ್ ಆದ ನನ್ನ ಮನೆಯ ರಾಮಾಯಣ ಯಾರಿಗೂ ಬೇಡ. ಇಲ್ಲಿ ಬರೆದರೆ ಇಲ್ಲೇ ಇರುತ್ತದೆ.

ಜುಲೈ 15, ಮಂಗಳವಾರ

ಬಾಲವಾಡಿಯಿಂದ ಬಂದಾಗ ಇವಳು ಬೀದಿ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಎರಡು ಬುಟ್ಟಿ ಬೂದು ಮರಳು. ಹೊಸಿಲ ಒಳಗೆಲ್ಲ ಹರಡಿ, ಬರಿಗಾಲಲ್ಲಿ ತುಳಿದು ನೋಡುತ್ತಿದ್ದಾಳೆ. ಮುಖದಲ್ಲಿ ನಗು ಬೇರೆ. ಈ ಮನೆಗೆ ಬಂದ ಮೇಲೆ ಅವಳು ನಕ್ಕಿದ್ದು ನಾನು ನೋಡಿದ್ದು ಇದೇ ಮೊದಲು.

"ಹೊಯಿಗೆ ತಂದೆ ಅತ್ತೆ. ಅಲ್ಲಿ ಅಷ್ಟು ದೊಡ್ಡ ದಿಬ್ಬ ಉಂಟಲ್ಲ, ನಮ್ಮ ಕಡಲಿನ ಬದಿಯದ್ದೇ ಹಾಗೆ ಉಂಟು."

ಸೈನೈಡ್ ದಿಬ್ಬದ ಮರಳು. ಚಿನ್ನ ತೆಗೆದು ಮೈನ್ಸಿನವರು ಬಿಸಾಡಿದ ಮಣ್ಣನ್ನು ಇವಳು ಸಮುದ್ರದ ದಂಡೆ ಅಂದುಕೊಂಡು ಹೊತ್ತು ತಂದಿದ್ದಾಳೆ. ಗಾಳಿ ಬಿಟ್ಟ ದಿನ ಆ ಮರಳು ಅನ್ನದ ತಪ್ಪಲೆಗೆ ಬೀಳುತ್ತದೆ, ಕಣ್ಣು ಉರಿಯುತ್ತದೆ. ಈ ಮನೆಗೆ ಬಂದಾಗಿನಿಂದ ಅದನ್ನು ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿದೆ. ಒಳಗೆ ಬರದಿರಲೆಂದು ಕಿಟಕಿ ಸಂದಿಗೆಲ್ಲ ಚಿಂದಿ ತುರುಕಿದ್ದೇನೆ. ಇವಳು ಬುಟ್ಟಿಯಲ್ಲಿ ತಂದು ಸುರಿದಿದ್ದಾಳೆ.

ಬಾಯಿಗೆ ಬಂದ ಹಾಗೆ ಬೈದೆ. ರಟ್ಟೆ ಹಿಡಿದು ನಲ್ಲಿ ಹತ್ತಿರ ಎಳೆದುಕೊಂಡು ಹೋಗಿ ಕಾಲು ತೊಳೆಸಿದೆ. ಅವಳು ಸುಮ್ಮನೆ ನೀರು ಸುರಿದುಕೊಳ್ಳುತ್ತಿದ್ದಳು. ಹಾಗೆ ತೊಳೆದರೆ ಏನು ಹೋಗುತ್ತದೆ? ನಾನೇ ಕೂತು ಸೀಗೆಪುಡಿ ಹಾಕಿ, ಬೆರಳ ಸಂದಿಯನ್ನೆಲ್ಲ ಉಜ್ಜಿದೆ. ಆಗಲೇ ಪಾದ ಕೆಂಪಗಾಗಿತ್ತು. ಕೊಬ್ಬರಿ ಎಣ್ಣೆ ಸವರಿದೆ. ನಾಳೆ ಕಾಲಿಗೆ ಏನಾದರೂ ಆದರೆ ಊರವರು ಅತ್ತೆಯನ್ನೇ ಅನ್ನುವುದು.

ಜುಲೈ 20, ಭಾನುವಾರ

ನಿನ್ನೆ ಆಂಜಿ ಬಂದು ಇವತ್ತು ಲೋಡಿಗೆ ಹೋದ. ಹೆಂಚಿನ ಅಡಿಯಲ್ಲಿ ಬಚ್ಚಿಟ್ಟು ಏನೇನು ತಂದಿದ್ದಾನೆಂದು ಅವನು ಹೋದ ಮೇಲೆ ತಿಳಿಯಿತು. ಹರಿದ ಮೀನಿನ ಬಲೆ, ಒಂದು ಚೀಲ ಚಿಪ್ಪು, ಒಂದು ಓಲೆ ಚಾಪೆ. ಒಬ್ಬನೇ ಮಗ, ಕಳೆದ ದೀಪಾವಳಿಗೆ ಅಮ್ಮನಿಗೊಂದು ಸೀರೆ ತಂದವನಲ್ಲ.

ಇವಳು ಗೋಡೆಗೆ ಸುಣ್ಣ ಬಳಿದಿದ್ದಾಳೆ. ಸುಣ್ಣಕ್ಕೆ ನಾವೂ ಒಂದು ಚಿಟಿಕೆ ನೀಲಿ ಹಾಕುತ್ತೇವೆ, ಬೆಳ್ಳಗೆ ಕಾಣಲಿ ಅಂತ. ಇವಳು ಬಟ್ಟೆಗಿಟ್ಟ ನೀಲಿಯ ಪೊಟ್ಟಣವನ್ನೇ ಸುರಿದಿದ್ದಾಳೆ. ಕೆಳಗೆ ಗಾಢ, ಮೇಲೆ ಹೋಗ್ತಾ ಹೋಗ್ತಾ ತೆಳು, ಸೂರಿನ ಹತ್ತಿರ ಬರೀ ಬಿಳಿ. ಕಿಟಕಿಗೆ ಬಲೆ. ಅದರ ಅಂಚಿಗೆ ಚಿಪ್ಪು ಪೋಣಿಸಿದ್ದಾಳೆ, ಗಾಳಿಗೆ ಟಿಕ್ ಟಿಕ್ ಅನ್ನುತ್ತದೆ. ನಾನು ತುರುಕಿದ್ದ ಚಿಂದಿಯನ್ನೆಲ್ಲ ಕಿತ್ತು ಬಿಸಾಡಿದ್ದಾಳೆ. ಮಂಚವನ್ನು ಹೊರಗೆ ದಬ್ಬಿ ನೆಲಕ್ಕೆ ಚಾಪೆ ಹಾಸಿದ್ದಾಳೆ. ಇಷ್ಟೇ ಮನೆ. ಕುರ್ಚಿಯಿಲ್ಲ, ಮೇಜಿಲ್ಲ, ಗೋಡೆಗೆ ದೇವರ ಪಟವಿಲ್ಲ.

"ಮನೆಗೆ ಬಂದೋರು ಎಲ್ಲಿ ಕೂತ್ಕೊತಾರೆ?" ಅಂದೆ.

"ಕೆಳಗೆ ಅತ್ತೆ. ನಮ್ಮಲ್ಲಿ ಹಾಗೇ. ಬಂದವರು ಒರಗಿಕೊಂಡು ಆರಾಮಾಗಿ ಇರ್ತಾರೆ. ಗಾಳಿ ಬರ್ತಾ ಇರ್ತದೆ."

ಆರಾಮ ಅಂತೆ. ಆರಾಮ ಅನ್ನುವ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಈ ಮನೆಯಲ್ಲಿ ಯಾರು ಯಾವತ್ತು ಆರಾಮಾಗಿದ್ದರು?

ಜುಲೈ 27, ಭಾನುವಾರ

ಇವರೂ ಸೇರಿಕೊಂಡರು. ಯಜಮಾನರಿಗೆ ಮೈಸೂರು ಮೈನ್ಸಿನಲ್ಲಿ ನೆಲದೊಳಗೆ ಮರದ ಆಧಾರ ನಿಲ್ಲಿಸುವ ಕೆಲಸ. ಭಾನುವಾರ ಬಂತೆಂದರೆ ಗೋಡೆಗೆ ಮುಖ ಮಾಡಿ ಮಲಗುವವರು. ಇವತ್ತು ಬಿದಿರು ಸೀಳಿ, ಹದ ಮಾಡಿ, ಅವಳ ಬಾಗಿಲಿಗೆ ತಟ್ಟಿ ಹೆಣೆದು ಕೊಟ್ಟಿದ್ದಾರೆ. ನನ್ನ ಬಚ್ಚಲ ತಟ್ಟಿ ಮುರಿದು ವರ್ಷವಾಯಿತು. ಕೇಳಿದ್ದಕ್ಕೆ, "ಅಲ್ಲಿ ಒಂದು ಗಳಿಗೆ ಕೂತ್ರೆ ಎದೆ ಅಗುರಾಗ್ತದೆ ಕಣೆ. ಕೆಳಗಡೆ ಸೆಕೆಯಾಗೆ ದುಡಿದು ಬಂದೋನ್ಗೆ ನೀಲಿ ಕಂಡ್ರೆ ತಂಪು" ಅಂದರು. ಇವರು ಒಟ್ಟಿಗೆ ಇಷ್ಟು ಮಾತಾಡಿ ಎಷ್ಟು ಕಾಲವಾಯಿತೋ.

ಮಾರಿಯಮ್ಮ ನಲ್ಲಿ ಹತ್ತಿರ, "ಎನ್ನಕ್ಕಾ, ನಿನ್ ಮನೇಲಿ ಕಡಲು ಬಂದೈತಂತೆ?" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ಕೊಡ ಎತ್ತಿಕೊಂಡು ಬಂದೆ.

ಆಗಸ್ಟ್ 2, ಶನಿವಾರ

ಬಾಡಿಗೆಗೆ ಕೊಡಬೇಕಾದ ಕೋಣೆ, ಗೋಡೆ ಏನಾದರೂ ಹಾಳು ಮಾಡಿದ್ದಾಳೋ ನೋಡಬೇಕಿತ್ತು. ಮಧ್ಯಾಹ್ನ ಬೀದಿ ಸುತ್ತಿಕೊಂಡು ಹೋದೆ. ಅವಳು ಚಾಪೆಯ ಮೇಲೆ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಟಮಟ ಮಧ್ಯಾಹ್ನ ಕಾಲು ಚಾಚಿ ಕೂರುವುದು. ನಾನೂ ಒಂದು ಕೈ ಸುಲಿಯೋಣವೆಂದು ಗೋಡೆಗೆ ಒರಗಿದೆ. ಬಿಸಿಲಲ್ಲಿ ಬಂದಿದ್ದಕ್ಕೆ ಕಣ್ಣು ಹತ್ತಿತು. ಎದ್ದಾಗ ಸಂಜೆಯಾಗಿತ್ತು, ನನ್ನ ತಲೆಯಡಿಗೆ ಅವಳ ಸೀರೆ ಮಡಿಚಿಟ್ಟಿತ್ತು. ಎಬ್ಬಿಸಬಾರದಾ ಅಂತ ಬೈದು ಬಂದೆ.

ಆಗಸ್ಟ್ 7, ಗುರುವಾರ

ಶ್ರಾವಣ ಬಂತು. ಮಧ್ಯದ ಬಾಗಿಲಿನ ಅಗುಳಿ ತೆಗೆದೆ. ಟೈಲರ್ ಕುಪ್ಪುಸ್ವಾಮಿ ಬಂದಿದ್ದ, ಕೋಣೆ ಮತ್ತೆ ಬೇಕಂತೆ. ಬಾಗಿಲಲ್ಲಿ ನಿಂತು ಇಣುಕಿದವನು, "ಈ ಗೋಡೆಯೆಲ್ಲ ಒರೆಸಿ ಬೆಳ್ಳಗೆ ಮಾಡ್ಸಿಕೊಡಿ ಟೀಚರಮ್ಮ, ಗಿರಾಕಿ ಬರ್ಬೇಕಲ್ಲ" ಅಂದ. ಅವನ ಧಿಮಾಕು ನೋಡು. ನಮ್ಮ ಗೋಡೆ ನಮ್ಮಿಷ್ಟ. ವರಮಹಾಲಕ್ಷ್ಮಿ ಹಬ್ಬ ಕಳೀಲಿ, ಆಮೇಲೆ ನೋಡೋಣ ಅಂದು ಕಳಿಸಿದೆ.

ಅಕ್ಟೋಬರ್ 9, ಗುರುವಾರ

ಮುಟ್ಟು ನಿಂತು ಎರಡು ತಿಂಗಳಾಯಿತಂತೆ. ನನಗೆ ಹೇಳಿದ್ದು ಇವತ್ತು. ಅಷ್ಟು ದಿನ ಯಾರಿಗೂ ಹೇಳದೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಮಣ್ಣು ಮುಚ್ಚಿದ್ದಾಳೆ. ನಾನೇನು ಹುಲಿಯಾ? ಚೆನ್ನಾಗಿ ಬೈದೆ.

ಏನು ತಿನ್ನಬೇಕು ಅನ್ನಿಸುತ್ತದೆ ಅಂದರೆ ತಲೆ ತಗ್ಗಿಸಿದಳು. ಒತ್ತಿ ಒತ್ತಿ ಕೇಳಿದ ಮೇಲೆ "ಒಣ ಮೀನು" ಅಂದಳು. ನಮ್ಮ ಮನೆಯೊಳಗೆ ಒಣ ಮೀನು ಬಂದದ್ದೇ ಇಲ್ಲ. ಮಾರಿಯಮ್ಮನ ಮನೆಯಲ್ಲಿ ಕರುವಾಡು ಅಂತ ಆ ಮೀನು ಸುಟ್ಟ ದಿನ ನಾನು ಕಿಟಕಿ ಮುಚ್ಚುತ್ತೇನೆ. ಬಸುರಿಯ ಬಯಕೆ ತೀರಿಸದಿದ್ದರೆ ಪಾಪ ಸುತ್ತಿಕೊಳ್ಳುವುದು ನನಗೆ ತಾನೆ? ಸಂತೆಯಲ್ಲಿ ಸೆರಗು ಮುಚ್ಚಿಕೊಂಡು ಕೊಂಡೆ. ಬಾಲವಾಡಿಗೆ ಒಯ್ಯುವ ಚೀಲದಲ್ಲಿ ತಂದೆ. ಇನ್ನು ಆ ಚೀಲ ಆರು ತಿಂಗಳು ನಾರುತ್ತದೆ. ಎಲ್ಲ ಅವಳಿಂದ.

ನವೆಂಬರ್ 23, ಭಾನುವಾರ

ಬರೆಯುವುದಕ್ಕೂ ಆಗುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ಮಧ್ಯಾಹ್ನ ಆಂಜಿ ಇಬ್ಬರು ಡ್ರೈವರುಗಳನ್ನು ಊಟಕ್ಕೆ ಕರೆದುಕೊಂಡು ಬಂದ. ಮೂವರೂ ಎಲ್ಲೋ ಕುಡಿದೇ ಬಂದಿದ್ದರು. ಅವರನ್ನು ಬೀದಿ ಕೋಣೆಯಲ್ಲಿ ಕೂರಿಸಿದ. ಅವರಲ್ಲಿ ಒಬ್ಬ ಬಲೆ ಹಿಡಿದು ಎಳೆದು, "ಏನ್ಲಾ ಆಂಜಿ, ಮೀನಂಗಡಿ ಇಕ್ಕಿದೀಯಾ? ಬೋರ್ಡು ಎಲ್ಲೈತ್ಲಾ?" ಅಂದ. ಇನ್ನೊಬ್ಬ, "ಎಂಡ್ತಿ ಮನೆ ಅಳಿಯ ಆಗ್ಬಿಟ್ಟವ್ನೆ, ಬಿಡ್ಲಾ" ಅಂದ. ನಾನು ಒಳಗೆ ಮುದ್ದೆ ಕಟ್ಟುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

ಅವರಿಗೆ ಹಿಂದಿರುಗಿ ಒಂದು ಮಾತು ಆಡಲಿಲ್ಲ ನನ್ನ ಮಗ. ತಾನೇ ತಂದುಕೊಟ್ಟ ಬಲೆಯನ್ನು ತಾನೇ ಕಿತ್ತ. ಚಿಪ್ಪನ್ನೆಲ್ಲ ಮೆಟ್ಟಿನ ಕಾಲಲ್ಲಿ ತುಳಿದ. ಹಂಡೆಯಲ್ಲಿ ತುಳಸಿಕಟ್ಟೆಗೆಂದು ಕಲಸಿಟ್ಟಿದ್ದ ಬಿಳಿ ಸುಣ್ಣ ತಂದು ಗೋಡೆಗೆ ಎರಚಿದ. ವಾರಿಜ ಬಾಗಿಲಲ್ಲಿ ನಿಂತೇ ಇದ್ದಳು. "ಅಪ್ಪನ ಮನೆ ಅಷ್ಟು ನೆನಪಾದ್ರೆ ಅಲ್ಲಿಗೇ ಓಗು. ನನ್ನ ಮಾನ ಯಾಕೆ ಕಳೀತೀಯಾ" ಅಂದ ಅವಳಿಗೆ.

ಮುದ್ದೆಯ ಕೈಯಲ್ಲೇ ಹೋಗಿ ಕೆನ್ನೆಗೆ ಬಾರಿಸಿದೆ. ಲಾರಿ ಓಡಿಸುವ ಮಗನಿಗೆ, ಅವನ ಸ್ನೇಹಿತರ ಮುಂದೆ. "ಲೇ, ಅವ್ಳಿಗೆ ಓಗೋಕೆ ಜಾಗ ಇಲ್ದಂಗೆ ಮಾಡ್ದೋನು ಯಾರ್ಲಾ? ನೀನೇ ಕಣ್ಲಾ" ಅಂದೆ. ಅವನು ಊಟ ಮಾಡದೆ ಲಾರಿ ಹತ್ತಿದ. ಹೋಗಲಿ. ಹಸಿದುಕೊಂಡೇ ಹೋಗಲಿ.

ಅವಳು ಅಳಲಿಲ್ಲ. ಪೊರಕೆ ತಂದು ಚಿಪ್ಪಿನ ಚೂರು ಗುಡಿಸಿದಳು.

ನವೆಂಬರ್ 24, ಸೋಮವಾರ

ಮಾರಿಯಮ್ಮ ಬಾಲವಾಡಿಯವರೆಗೂ ಓಡಿ ಬಂದಳು. "ಅಕ್ಕಾ, ನಿನ್ ಸೊಸೆ ಪೆಟ್ಟಿ ಎತ್ಕೊಂಡು ಟೇಶನ್ ಕಡೆ ಓಯ್ತಾವ್ಳೆ." ಮಕ್ಕಳನ್ನು ಆಯಾಳಿಗೆ ಒಪ್ಪಿಸಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ. ಹೇಳದೆ ಕೇಳದೆ ಹೊರಡುವುದಾ? ನಾಲ್ಕು ತಿಂಗಳ ಬಸುರಿ ಪೆಟ್ಟಿ ಹೊರುವುದಾ?

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಆಗಷ್ಟೇ ರೈಲು ಬಿಟ್ಟಿತ್ತು. ಪ್ಲಾಟ್‌ಫಾರಂ ಖಾಲಿ. ಆಮೇಲೆ ನೋಡಿದರೆ ಕೊನೆಯ ಬೆಂಚಿನ ಮೇಲೆ ಕೂತಿದ್ದಾಳೆ, ಟ್ರಂಕಿನ ಮೇಲೆ ಕೈಯಿಟ್ಟುಕೊಂಡು.

"ಯಾಕೆ ರೈಲು ಅತ್ತಲಿಲ್ಲ?" ಅಂದೆ. ಅಷ್ಟು ಜೋಡಿಸಿಕೊಂಡು ಹೋದವಳಿಗೆ ಬಾಯಿಗೆ ಬಂದದ್ದು ಅದೊಂದೇ.

"ಟಿಕೆಟಿಗೆ ಅಂತ ಸಾಲಲ್ಲಿ ನಿಂತೆ ಅತ್ತೆ. ಎಲ್ಲಿಗೆ ಅಂತ ಅವರು ಕೇಳಿದ್ರು. ಎಲ್ಲಿಗೆ ಅಂತ ಹೇಳುವುದು ನಂಗೆ ಗೊತ್ತಾಗ್ಲಿಲ್ಲ."

ಆಗ ಅವಳ ತಾಯಿಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅಪ್ಪ ಬೇಡ ಅಂದ, ಸರಿ, ಗಂಡಸು. ಹೆತ್ತವಳಿಗೆ ಏನಾಗಿದೆ? ಕದ್ದುಮುಚ್ಚಿಯಾದರೂ ಒಂದು ಸಲ ಹೇಗಿದ್ದೀಯೆಂದು ಕೇಳಿ ಕಳಿಸಲಾಗದಾ? ಎದುರಿಗೆ ಸಿಕ್ಕಿದರೆ ಜುಟ್ಟು ಹಿಡಿದು ಕೇಳುತ್ತೇನೆ.

"ಏಳು, ಬಿಸಿಲು" ಅಂದೆ. ಟ್ರಂಕನ್ನು ನಾನೇ ಎತ್ತಿಕೊಂಡೆ. ಕಬ್ಬಿಣದ ತೂಕ. ಅದನ್ನು ಹೊತ್ತು ಅಲ್ಲಿಯವರೆಗೆ ನಡೆದಿದ್ದಾಳೆ, ಹಟಮಾರಿ.

ನವೆಂಬರ್ 30, ಭಾನುವಾರ

ಎರಚಿದ ಸುಣ್ಣ ಒಣಗಿ ಗೋಡೆಯೆಲ್ಲ ಮಚ್ಚೆ ಮಚ್ಚೆ. ನೋಡಲು ಅಸಹ್ಯ. ಮನೆ ಅಂದ ಮೇಲೆ ಬಂದವರ ಕಣ್ಣಿಗೆ ಒಂದು ಲಕ್ಷಣವಾಗಿ ಕಾಣಬೇಕು, ಅದಕ್ಕೆ ನೀಲಿ ತಂದೆ. ಅಂಗಡಿಯವನು "ಇಷ್ಟು ಯಾಕೆ ಟೀಚರಮ್ಮ" ಅಂದ. ನಿನಗೆ ವ್ಯಾಪಾರ ಬೇಕೋ ಬೇಡವೋ ಅಂದೆ.

ನಾನೇ ಬಳಿದೆ. ಕೆಳಗೆ ಗಾಢ ಮಾಡುವುದು ಸುಲಭ. ಮೇಲೆ ಹೋಗ್ತಾ ತೆಳುವಾಗಿಸುವುದು ಎಷ್ಟು ಒದ್ದಾಡಿದರೂ ಬರಲಿಲ್ಲ. ಅವಳು ಬಂದು ನಿಂತು ನೋಡಿದಳು. ಆಮೇಲೆ ಇನ್ನೊಂದು ಬ್ರಷ್ ತೆಗೆದುಕೊಂಡಳು. "ಮೇಲಿಂದ ಶುರು ಮಾಡ್ಬೇಕು ಅತ್ತೆ, ನೀರು ಜಾಸ್ತಿ ಇರುವಾಗಲೇ" ಅಂದಳು. ಮೊದಲೇ ಹೇಳಬಾರದಾ? ನನ್ನ ಎರಡು ಗಂಟೆ ದಂಡ. ಏಣಿ ಹತ್ತಬೇಡ ಅಂತ ಗದರಿ ಮೇಲಿನದನ್ನು ನಾನೇ ಮಾಡಿದೆ.

ಟೈಲರ್ ಮತ್ತೆ ಬಂದಿದ್ದ. ಕೋಣೆ ಇಲ್ಲ ಅಂದೆ. ಯಾಕೆ ಅಂದ. ಇಲ್ಲ ಅಂದರೆ ಇಲ್ಲ.

ಜನವರಿ 18, 1987, ಭಾನುವಾರ

ಹೊಸ ಡೈರಿ ಕೊಡಲಿಲ್ಲ ಆ ಏಜೆಂಟು. ಹಳೆಯದರ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ ಆರಕ್ಕೆ ಬಳೆ ತೊಡಿಸುವ ಶಾಸ್ತ್ರ ಅಂತ ಗೊತ್ತುಮಾಡಿದೆವು. ಸರಸ್ವತಮ್ಮ ಬಂದಳು. "ಅತ್ಗೆ, ಸೀರೆ ಬಳೆ ತವರ್ನೋರು ತರ್ಬೇಕು. ಮೊದ್ಲು ಬಳೆ ತೊಡ್ಸೋದು ತಾಯಿ. ಬಾಣಂತನ ತವರ್ನಲ್ಲಿ. ಇವ್ಳಿಗೆ ಯಾರವ್ರೆ? ಜನ ಸೇರ್ಸಿ ನಗೆಪಾಟಲಾಗೋದು ಬೇಡ, ಒಳಗೊಳಗೇ ಮುಗ್ಸಿಬಿಡು" ಅಂದಳು. ವಾರಿಜ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿತು.

ಬಾಯಿ ಬಿಟ್ಟಿದ್ದರೆ ಮನೆ ಹಾರಿಹೋಗುವ ಹಾಗೆ ಅನ್ನುತ್ತಿದ್ದೆ, ಎದ್ದು ಹೊರಟೆ. ಬೀದಿಗೆಲ್ಲ ಹೇಳಿ ಬಂದೆ, ಒಂದು ಮನೆ ಬಿಡದೆ.

ಫೆಬ್ರವರಿ 6, ಶುಕ್ರವಾರ

ನಡುಮನೆ ತುಂಬ ಹೆಂಗಸರು. ವಾರಿಜಳನ್ನು ಮಣೆಯ ಮೇಲೆ ಕೂರಿಸಿದ್ದೆವು. ಆಂಜಿಯೂ ಬಂದಿದ್ದ, ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಬಲೆ ಕಿತ್ತ ದಿನದಿಂದ ನಾನು ಅವನ ಜೊತೆ ಮಾತಾಡಿಲ್ಲ. ಹೆಂಡತಿಯ ಹತ್ತಿರ ತಪ್ಪಾಯಿತು ಅಂದನಂತೆ. ಅವಳು ಒಪ್ಪಿಕೊಂಡಿರಬಹುದು, ನಾನು ಒಪ್ಪಿಲ್ಲ.

ಆರತಿ ತಟ್ಟೆ ಇಟ್ಟ ಮೇಲೆ ಸರಸ್ವತಮ್ಮ ಎಲ್ಲರಿಗೂ ಕೇಳಿಸುವ ಹಾಗೆ ಅಂದಳು, "ತವರ್ನೋರು ಮೊದ್ಲು ಬರ್ಬೇಕು. ಯಾರಿದ್ದೀರಾ?"

ವಾರಿಜ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ನನಗೆ ನೆತ್ತಿಗೇರಿತು. ಎದ್ದು ಹಿತ್ತಲ ಬಾಗಿಲಿಂದ ಹೊರಗೆ ಹೋದೆ. ಕೋಪಿಸಿಕೊಂಡು ಎದ್ದು ಹೋದಳು ಅಂತ ಯಾರೋ ಅಂದದ್ದು ಕೇಳಿಸಿತು. ಹೌದು, ಕೋಪವೇ. ಬೀದಿ ಸುತ್ತಿ, ಬೀದಿ ಕೋಣೆಯ ಬಾಗಿಲಿಂದ ಒಳಗೆ ಬಂದೆ. ಸೀರೆ, ಹಸಿರು ಬಳೆ, ಕೊಬ್ಬರಿ, ಹೂವಿನ ತಟ್ಟೆ ಬೆಳಿಗ್ಗೆಯೇ ಅಲ್ಲಿ ಚಾಪೆಯ ಮೇಲೆ ಇಟ್ಟಿದ್ದೆ, ಮಕ್ಕಳ ಕೈಗೆ ಸಿಗದಿರಲಿ ಅಂತ. ತಟ್ಟೆ ಎತ್ತಿಕೊಂಡು ಮಧ್ಯದ ಬಾಗಿಲು ತೆರೆದು ನಡುಮನೆಗೆ ಬಂದೆ.

"ಇದೇನ್ ಅತ್ಗೆ?" ಅಂದಳು ಸರಸ್ವತಮ್ಮ.

"ನಾನು ಉಡುಗಿ ಕಡೆಯೋಳು. ಆ ಕೋಣೆ ಅವ್ಳ ತವರು. ಅಲ್ಲಿಂದ ಬಂದಿದೀನಿ. ಗಂಡಿನ ಕಡೆಗೆ ನೀನಿದೀಯಲ್ಲ, ನೀನೇ ಅತ್ತೆ ಆಗಿ ಕೂತ್ಕೊ" ಅಂದೆ.

ಶಾಸ್ತ್ರ ಕೆಟ್ಟಿತು ಅಂತ ಅವಳು ಏನೋ ಶುರುಮಾಡಿದಳು. ಯಜಮಾನರು ಹೊರಗಿನಿಂದಲೇ, "ಸರಸ್ವತಿ, ಬೀಗರು ಬಂದವ್ರೆ, ನೀರು ಕೊಡಮ್ಮ ಮೊದ್ಲು" ಅಂದರು. ಮಾರಿಯಮ್ಮ ಜೋರಾಗಿ ನಕ್ಕಳು. ಆಮೇಲೆ ಎಲ್ಲರೂ.

ಬಳೆ ತೊಡಿಸುವಾಗ ಅವಳ ಕೈ ಮಂಜುಗಡ್ಡೆಯಾಗಿತ್ತು. ಒಂದು ಬಳೆ ಒಡೆಯಿತು, ನಾನು ಜೋರಾಗಿ ಒತ್ತಿಬಿಟ್ಟೆ. ಆಗ ಅತ್ತಳು, ಬಂದ ದಿನದಿಂದ ಅಳದವಳು. ಅಷ್ಟು ಜನರ ಮುಂದೆ ನನ್ನ ಸೆರಗಿಗೆ ಮುಖ ಒತ್ತಿಕೊಂಡು. ರೇಷ್ಮೆ ಸೀರೆ, ಕಲೆ ಹೋಗುವುದಿಲ್ಲ.

ಫೆಬ್ರವರಿ 11, ಬುಧವಾರ

ಹೆರಿಗೆಯವರೆಗೆ, ಆಮೇಲೆ ಬಾಣಂತನ ಮುಗಿಯುವವರೆಗೆ ಅವಳು ಬೀದಿ ಕೋಣೆಯಲ್ಲಿ. ಜೊತೆಗೆ ನಾನು. ಮಧ್ಯದ ಬಾಗಿಲಿಗೆ ಅಗುಳಿ ಹಾಕಿದ್ದೇನೆ. ಇವರು ಊಟಕ್ಕೆ ಬೀದಿ ಸುತ್ತಿಕೊಂಡು ಬರುತ್ತಾರೆ, ತಕರಾರಿಲ್ಲ.

ಸಂಜೆ ಅಳಿಯ ಆಂಜಿನಪ್ಪನವರು ಬಂದಿದ್ದರು, ಮಂಗಳೂರಿನಿಂದ ಹೊಸ ಬಲೆ ತೆಗೆದುಕೊಂಡು. ಬೀದಿ ಬಾಗಿಲು ತಟ್ಟಿ, ಒಳಗೆ ಬರಬಹುದಾ ಅಂತ ಕೇಳಿದರು. ಮೆಟ್ಟು ಹೊರಗೆ ಬಿಡಿಸಿ, ಚಾಪೆಯ ಮೇಲೆ ಕೂರಿಸಿ, ಕಾಫಿ ಕೊಟ್ಟೆ. ಕತ್ತಲಾಗುವ ಮೊದಲು ಕಳಿಸಿದೆ.